ಪಲ್ಯ ತುಂಬಿದ ಬ್ರೆಡ್ ಕಡ್ಡಿ

ಪಲ್ಯ ತುಂಬಿದ ಬ್ರೆಡ್ ಕಡ್ಡಿಯು ಯೀಸ್ಟ್ ಹಾಕಿ ಉಬ್ಬಿಸಿದ ಮೈದಾ ಕಣಕದೊಳಗೆ ಖಾರದ ಹೂರಣವನ್ನು ಉದ್ದಕ್ಕೆ ಇಟ್ಟು, ಅಂಚು ಮುಚ್ಚಿ, ಕೋಲಿನಂತೆ ಹೊಸೆದು ಒಲೆಯಲ್ಲಿ ಬೇಯಿಸಿದ ತಿನಿಸು. ಹುಟ್ಟುಹಬ್ಬ, ನಾಮಕರಣ, ಬೀಳ್ಕೊಡುಗೆ, ಸಂಜೆಯ ಕೂಟ ಮುಂತಾದ ಕಡೆ ತಟ್ಟೆ ಹಿಡಿದು ನಿಂತೇ ತಿನ್ನಲು ಅನುಕೂಲವಾದದ್ದು. ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ಪಟ್ಟಣಗಳಲ್ಲಿ ಇದಕ್ಕೆ ತೀರ ಸಮೀಪವಾದ ತಿನಿಸು ಅಯ್ಯಂಗಾರ್ ಬೇಕರಿಗಳ ಪಲ್ಯದ ಬನ್ನು, ಅಥವಾ ಆಲೂ ಬನ್ನು. ಕಣಕ, ಹೂರಣ, ಬೇಯಿಸುವ ರೀತಿ ಮೂರೂ ಎರಡಕ್ಕೂ ಬಹುಪಾಲು ಒಂದೇ. ಆಕಾರವೊಂದು ಬೇರೆ, ಮತ್ತು ಆ ಆಕಾರದಿಂದಾಗಿ ಹೂರಣದ ಅಳತೆ ಬೇರೆ. ಆದ್ದರಿಂದ ಇಲ್ಲಿ ಎರಡನ್ನೂ ಒಟ್ಟಿಗೆ ವಿವರಿಸಿದೆ.

ಪರಿಭಾಷೆ

ನಾದಿದ ಹಿಟ್ಟಿನ ಹೊರಪದರಕ್ಕೆ ಕಣಕ, ಒಳಗೆ ತುಂಬುವುದಕ್ಕೆ ಹೂರಣ ಎಂಬ ಹೋಳಿಗೆಯ ಮಾತುಗಳನ್ನೇ ಇಲ್ಲಿ ಬಳಸಿದೆ. ತರಕಾರಿಯ ಹೂರಣವನ್ನು ಬೇಕರಿಯವರು ಪಲ್ಯವೆಂದೇ ಕರೆಯುತ್ತಾರೆ. ಹೂರಣವಿಲ್ಲದೆ ಗರಿಗರಿಯಾಗಿ ಒಣಗಿಸಿ ಬೇಯಿಸಿದ, ಪೊಟ್ಟಣಗಳಲ್ಲಿ ಸೂಪ್ ಸ್ಟಿಕ್ ಎಂಬ ಹೆಸರಿನಲ್ಲಿ ಸಿಗುವ ತಿನಿಸನ್ನು ಗರಿಕಡ್ಡಿ ಎಂದಿದೆ. ಬೆಣ್ಣೆ ಅಥವಾ ಮಾರ್ಜರಿನ್ ಹಚ್ಚಿ ಮಡಿಕೆ ಮಡಿಕೆಯಾಗಿ ಲಟ್ಟಿಸಿದ, ಯೀಸ್ಟ್ ಇಲ್ಲದ ಪಫ್ ಈ ವರ್ಗಕ್ಕೆ ಸೇರುವುದಿಲ್ಲ. ಎಣ್ಣೆಯಲ್ಲಿ ಕರಿಯುವ ಸಮೋಸ, ಬೋಂಡಾಗಳೂ ಸೇರುವುದಿಲ್ಲ.

ಮೂಲ

ಉಬ್ಬಿದ ಬ್ರೆಡ್ಡನ್ನು ಭಾರತದ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಇಂದು ಈ ತಿನಿಸಿನ ಹೂರಣಕ್ಕೆ ಬೇಕೇಬೇಕಾದ ಆಲೂಗಡ್ಡೆ, ಮೆಣಸಿನಕಾಯಿಗಳೂ ಜೊತೆಗೆ ನಂಚಿಕೊಳ್ಳುವ ಟೊಮೆಟೊವೂ ಅಮೆರಿಕ ಖಂಡದಿಂದ ಬಂದವು. ಒಳನಾಡಾದ ಮೈಸೂರು ಸೀಮೆಯಲ್ಲಿ ಬ್ರೆಡ್ಡಿನ ಬಳಕೆಗೆ ನೆಲೆ ಒದಗಿಸಿದ್ದು 1809ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಬ್ರಿಟಿಷ್ ದಂಡು ಪ್ರದೇಶ. 1864ರಲ್ಲಿ ಬೆಂಗಳೂರು ದಂಡು ಮತ್ತು ಜೋಲಾರಪೇಟೆ ನಡುವಿನ ರೈಲುಮಾರ್ಗ ತೆರೆದಾಗ ಮಾಲೂರು, ಬಂಗಾರಪೇಟೆಗಳು ಆ ಪ್ರದೇಶಕ್ಕೆ ಸುಲಭದ ದಾರಿಯಲ್ಲಿ ಬಂದವು.

ಜಿಲ್ಲೆಯೊಳಗೇ ಯುರೋಪಿಯನ್ ಅಡುಗೆ ನೆಲೆಸಿದ್ದ ಸ್ಥಳ ಕೋಲಾರ ಚಿನ್ನದ ಗಣಿ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಾರಿಕೆ ದೊಡ್ಡ ಪ್ರಮಾಣದಲ್ಲಿ ನಡೆದು, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಗಣಿಗಾರರು ಕುಟುಂಬ ಸಮೇತ ಬಂದು ನೆಲೆಸಿದರು. ಆಂಗ್ಲೋ ಇಂಡಿಯನ್ ಸಮುದಾಯವೂ ದೊಡ್ಡದಿತ್ತು. ಕಾರ್ನ್‌ವಾಲಿನ ಗಣಿಗಾರರು ಸುರಂಗಕ್ಕೆ ಬುತ್ತಿಯಾಗಿ ಒಯ್ಯುತ್ತಿದ್ದ ಪೇಸ್ಟಿ ಎಂಬ ತಿನಿಸಿನಲ್ಲೂ ಆಲೂಗಡ್ಡೆ, ಈರುಳ್ಳಿ, ಮಾಂಸಗಳನ್ನು ಹಿಟ್ಟಿನೊಳಗೆ ತುಂಬಿ ಅಂಚನ್ನು ಹೆಣೆದು ಬೇಯಿಸುತ್ತಾರೆ. ಆದರೆ ಅದರ ಕಣಕಕ್ಕೆ ಯೀಸ್ಟ್ ಇಲ್ಲ, ಜಿಡ್ಡು ಹೆಚ್ಚು. ಪಲ್ಯದ ಬನ್ನಿನ ವಂಶಾವಳಿಯಲ್ಲಿ ಅದನ್ನು ಸೇರಿಸುವುದು ಸರಿಯಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.

ಪಲ್ಯದ ಬನ್ನು ಬಂದದ್ದು ಬೇರೆ ದಾರಿಯಿಂದ. ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬಿ.ಬಿ. ಬೇಕರಿ, ಅಂದರೆ ಬೆಂಗಳೂರು ಬ್ರದರ್ಸ್ ಬೇಕರಿ, ನಗರದ ಮೊದಲ ಅಯ್ಯಂಗಾರ್ ಬೇಕರಿ ಎಂದು ಹೆಸರಾಗಿದೆ. ಹಾಸನ ಸೀಮೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಈ ಕಸುಬನ್ನು ಬೆಳೆಸಿದವು. ವಿ.ವಿ. ಪುರದ ವಿ.ಬಿ. ಬೇಕರಿ 1953ರದು. ಮೊಟ್ಟೆ ಮುಟ್ಟದವರೂ ಧೈರ್ಯವಾಗಿ ತಿನ್ನಬಹುದಾದ ಬ್ರೆಡ್ಡು, ಬಿಸ್ಕತ್ತುಗಳನ್ನು ಮಾಡಿದ್ದು ಈ ಅಂಗಡಿಗಳ ಮುಖ್ಯ ಸಾಧನೆ. ಅದರ ಜೊತೆಗೇ ಮನೆಯ ಒಗ್ಗರಣೆಯ ಪಲ್ಯವನ್ನು ವಿಲಾಯಿತಿ ಬನ್ನಿನೊಳಗೆ ಇಟ್ಟರು. ಖಾರಾ ಬನ್ನು, ಪಲ್ಯದ ಬನ್ನು, ತವಾ ಮೇಲೆ ಕಾಯಿಸಿದ ಮಸಾಲೆ ಟೋಸ್ಟು ಈ ಸಾಲಿನವು. ಇದೇ ಕಾಲದಲ್ಲಿ ದಂಡು ಪ್ರದೇಶದ ಮುಸ್ಲಿಂ ಬೇಕರಿಗಳು, ಉದಾಹರಣೆಗೆ ಫ್ರೇಜರ್ ಟೌನಿನಲ್ಲಿ 1902ರಲ್ಲಿ ಆರಂಭವಾದ ಆಲ್ಬರ್ಟ್ ಬೇಕರಿ, ಮಾಂಸದ ಹೂರಣದ ತಿನಿಸುಗಳನ್ನು ಬೆಳೆಸಿದವು. ಕೋಲಾರ ಸೀಮೆಯ ಪಟ್ಟಣಗಳಲ್ಲಿ ಎರಡೂ ಬಗೆಯ ಬೇಕರಿಗಳಿವೆ. 'ಅಯ್ಯಂಗಾರ್ ಬೇಕರಿ' ಎಂಬ ಫಲಕ ಈಗ ಜಾತಿಯ ಗುರುತಿಗಿಂತ ತಿನಿಸುಗಳ ಪಟ್ಟಿಯ ಗುರುತು. ಬೇರೆ ಸಮುದಾಯಗಳವರು ನಡೆಸುವ ಅಂಗಡಿಗಳೂ ಇದೇ ಹೆಸರನ್ನು ಇಟ್ಟುಕೊಳ್ಳುತ್ತವೆ.

ರಾಗಿಯ ಸೀಮೆಯಾದ ಕೋಲಾರದಲ್ಲಿ ಗೋಧಿ ಮುಖ್ಯ ಬೆಳೆಯಲ್ಲ. ಮೈದಾ ಇಲ್ಲಿ ಅಗ್ಗದ ದಿನಬಳಕೆಯ ಸರಕಾದದ್ದು 1950-60ರ ದಶಕಗಳಲ್ಲಿ ಅಮೆರಿಕದ ಪಿಎಲ್ 480 ನೆರವಿನ ಗೋಧಿ ಆಮದು ಮತ್ತು ರೋಲರ್ ಹಿಟ್ಟಿನ ಗಿರಣಿಗಳ ವಿಸ್ತರಣೆಯ ನಂತರ. 1965ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಮಾಡರ್ನ್ ಬೇಕರೀಸ್ ಪೊಟ್ಟಣದ ಬ್ರೆಡ್ಡನ್ನು ಸಾಮಾನ್ಯ ಮನೆಗಳಿಗೆ ಮುಟ್ಟಿಸಿತು.

ಕಡ್ಡಿಯ ಆಕಾರಕ್ಕೆ ಮೂಲ ಇಟಲಿ. ಟ್ಯೂರಿನ್ ನಗರದ ಗ್ರಿಸ್ಸಿನಿ ಎಂಬ ಗರಿಕಡ್ಡಿಯನ್ನು 1679ರಲ್ಲಿ ಅಂಟೋನಿಯೊ ಬ್ರುನೆರೊ ಎಂಬ ಬೇಕರಿಯವನು ಅಸ್ವಸ್ಥನಾಗಿದ್ದ ರಾಜಕುಮಾರನಿಗಾಗಿ ಮಾಡಿದನೆಂಬುದು ಅಲ್ಲಿನ ಪ್ರತೀತಿ. ಅದರಲ್ಲಿ ಎರಡು ಬಗೆ: ಕೈಯಲ್ಲಿ ಹೊಸೆದ ರುಬಟಾ ಮತ್ತು ಎರಡು ತುದಿ ಹಿಡಿದು ಎಳೆದ ಸ್ಟಿರಾಟೊ. ಎರಡಕ್ಕೂ ಹೂರಣವಿಲ್ಲ. ಒಳಗೆ ಚೀಸ್ ಇಟ್ಟ ಮೆತ್ತನೆಯ ಕಡ್ಡಿ ಇಪ್ಪತ್ತನೆಯ ಶತಮಾನದ ಅಮೆರಿಕದ ಪಿಜ್ಜಾ ಅಂಗಡಿಗಳಲ್ಲಿ ಬಳಕೆಗೆ ಬಂತು. 1996ರಲ್ಲಿ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಮಳಿಗೆಯನ್ನು ಬೆಂಗಳೂರಿನಲ್ಲಿಯೂ ಡೊಮಿನೋಸ್ ದೆಹಲಿಯಲ್ಲಿಯೂ ತೆರೆದವು. ಜೋಳ, ಚೀಸ್ ತುಂಬಿದ ಬೆಳ್ಳುಳ್ಳಿ ಬ್ರೆಡ್ಡು ಈ ಬಗೆಯ ಮಳಿಗೆಗಳ ಮೂಲಕ ಪರಿಚಿತವಾಯಿತು. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್; ಮಾಲೂರಿನಿಂದ ಇನ್ನೂ ಕಡಿಮೆ. ದಿನವೂ ಓಡಾಡುವ ಉದ್ಯೋಗಿಗಳು, ವಿದ್ಯಾರ್ಥಿಗಳು ನಗರದ ರುಚಿಯನ್ನು ಊರಿಗೆ ತಂದರು.

ಕಣಕ

ಮೈದಾದಲ್ಲಿರುವ ಗ್ಲೈಯಾಡಿನ್, ಗ್ಲುಟೆನಿನ್ ಎಂಬ ಪ್ರೋಟೀನುಗಳು ನೀರು ಸೇರಿ ನಾದಿದಾಗ ಗ್ಲುಟೆನ್ ಎಂಬ ಹಿಗ್ಗುವ ಜಾಲವಾಗುತ್ತವೆ. ಯೀಸ್ಟ್ (ಸ್ಯಾಕರೊಮೈಸಿಸ್ ಸೆರೆವಿಸಿಯೆ) ಹಿಟ್ಟಿನ ಸಕ್ಕರೆಯನ್ನು ಉಂಡು ಬಿಡುವ ಇಂಗಾಲದ ಡೈಆಕ್ಸೈಡ್ ಆ ಜಾಲದಲ್ಲಿ ಸಿಕ್ಕಿಕೊಂಡು ಕಣಕ ಉಬ್ಬುತ್ತದೆ. ತುಂಬುವ ಕಡ್ಡಿಗೆ ಬೇಕಾದದ್ದು ಹಿಗ್ಗಿದರೂ ಹರಿಯದ ಕಣಕ. ಹೀಗಾಗಿ ನೀರು ಸಾಧಾರಣ ಬನ್ನಿನಷ್ಟೇ ಇರಬೇಕು, ಜಿಡ್ಡು ಅತಿಯಾಗಬಾರದು.

24 ಕಡ್ಡಿಗಳಿಗೆ ಸಾಮಾನ್ಯ ಅಳತೆ ಹೀಗಿದೆ: ಮೈದಾ 500 ಗ್ರಾಂ, ನೀರು ಮತ್ತು ಹಾಲು ಸೇರಿ 300 ಮಿಲಿಲೀಟರ್, ಒಣ ಯೀಸ್ಟ್ 6 ಗ್ರಾಂ, ಉಪ್ಪು 9 ಗ್ರಾಂ, ಸಕ್ಕರೆ 20 ಗ್ರಾಂ, ಬೆಣ್ಣೆ ಅಥವಾ ಎಣ್ಣೆ 35 ಗ್ರಾಂ. ಒಟ್ಟು ಕಣಕ ಸುಮಾರು 870 ಗ್ರಾಂ ಆಗಿ, ಕಡ್ಡಿಯೊಂದಕ್ಕೆ 36 ಗ್ರಾಂ ಬರುತ್ತದೆ. ಕೈಯಲ್ಲಿ ನಾದಿದರೆ 10ರಿಂದ 12 ನಿಮಿಷ. ಚೂರನ್ನು ಬೆರಳುಗಳ ನಡುವೆ ಹಿಗ್ಗಿಸಿದಾಗ ಹರಿಯದೆ ತೆಳು ಪರದೆಯಂತೆ ಬಂದರೆ ನಾದಿದ್ದು ಸಾಕು. ಕಾಯಿಸಿದ ಹಾಲು ಚೆನ್ನಾಗಿ ಆರಿರಬೇಕು, ಏಕೆಂದರೆ 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಯೀಸ್ಟ್ ಸಾಯುತ್ತದೆ.

ಕೋಲಾರ ಸೀಮೆ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕಣಕ ಮುಕ್ಕಾಲು ಗಂಟೆಯಲ್ಲೇ ಎರಡರಷ್ಟಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಅದೇ ಕಣಕ ಒಂದೂವರೆ ಗಂಟೆ, ಕೆಲವೊಮ್ಮೆ ಎರಡು ಗಂಟೆ ಕೇಳುತ್ತದೆ. ಗಡಿಯಾರಕ್ಕಿಂತ ಗಾತ್ರವನ್ನು ನೋಡಬೇಕು. ಬೇಸಿಗೆಯಲ್ಲಿ ಯೀಸ್ಟನ್ನು 4 ಗ್ರಾಂಗೆ ಇಳಿಸಿ ತಣ್ಣೀರಿನಲ್ಲಿ ನಾದುವುದು ರೂಢಿ. ಅತಿಯಾಗಿ ಉಬ್ಬಿದ ಕಣಕ ಹುಳಿ ವಾಸನೆ ಹಿಡಿದು ಹೊಸೆಯುವಾಗ ಅಂಟುತ್ತದೆ.

ಹೂರಣ

ಈ ತಿನಿಸಿನ ಗುಣ ನಿರ್ಧಾರವಾಗುವುದು ಹೂರಣದ ನೀರಿನಿಂದ. ಖಾರ, ಉಪ್ಪು, ಮಸಾಲೆಗಳ ಸರಿತಪ್ಪನ್ನು ಜೊತೆಗಿಡುವ ಚಟ್ನಿ ಸರಿದೂಗಿಸುತ್ತದೆ. ನೀರಿನ ಸರಿತಪ್ಪನ್ನು ಯಾವುದೂ ಸರಿಮಾಡುವುದಿಲ್ಲ. ಒಲೆಯ ಶಾಖಕ್ಕೆ ಹೂರಣದ ನೀರು ಹಬೆಯಾಗಿ ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಹೊರಹೋಗಲು ದಾರಿಯಿಲ್ಲದಿದ್ದರೆ ಕಣಕವನ್ನು ಸೀಳುತ್ತದೆ, ಇಲ್ಲವೇ ಒಳಗೋಡೆಗೆ ಇಂಗಿ ಹಸಿಹಿಟ್ಟಿನಂಥ ಪದರ ಉಳಿಸುತ್ತದೆ. ದುಂಡು ಬನ್ನಿನಲ್ಲಿ ಹೂರಣದ ಸುತ್ತ ಬ್ರೆಡ್ಡಿನ ಪದರ ದಪ್ಪ, ಹೀಗಾಗಿ ಸ್ವಲ್ಪ ಹಸಿಯಾದರೂ ನಡೆಯುತ್ತದೆ. ಕಡ್ಡಿಯಲ್ಲಿ ಆ ಪದರ ತೆಳು. ಬನ್ನಿಗೆ ಹೊಂದುವ ಪಲ್ಯ ಕಡ್ಡಿಗೆ ಹೊಂದದಿರುವುದು ಇದರಿಂದಲೇ.

ಬೇಯಿಸಿದ ಆಲೂಗಡ್ಡೆಯ ತೂಕದಲ್ಲಿ ನೀರು ಸುಮಾರು ನೂರಕ್ಕೆ 77 ಭಾಗ. ಈರುಳ್ಳಿಯಲ್ಲಿ 88ರಿಂದ 89, ಎಲೆಕೋಸಿನಲ್ಲಿ 92, ಟೊಮೆಟೊದಲ್ಲಿ 94. ಪನೀರಿನಲ್ಲಿ ಇದು 55ರ ಆಸುಪಾಸು, ಸಂಸ್ಕರಿಸಿದ ಚೀಸಿನಲ್ಲಿ 45ರಷ್ಟು. ಆಲೂಗಡ್ಡೆಯ ಪಿಷ್ಟ ತನ್ನ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ಎಲ್ಲ ಹೂರಣಗಳಿಗೂ ಆಧಾರವಾಯಿತು. ಮುಳಬಾಗಿಲು ದೋಸೆಯೊಂದಿಗೋ ಪೂರಿಯೊಂದಿಗೋ ತಿನ್ನುವ ಪಲ್ಯ ಇಲ್ಲಿಗೆ ಒಗ್ಗುವುದಿಲ್ಲ. ಅದನ್ನು ನೀರು ಚಿಮುಕಿಸಿ ಮೆತ್ತಗೆ ಮಾಡುವುದು ಪದ್ಧತಿ. ಬೇಕರಿಯ ಪಲ್ಯದಲ್ಲಿ ಮೊದಲು ಈರುಳ್ಳಿಯನ್ನು ಬಣ್ಣ ತಿರುಗುವವರೆಗೆ ಬಾಡಿಸಿ, ನಂತರ ಸಿಪ್ಪೆಯೊಂದಿಗೆ ಬೇಯಿಸಿ ಆರಿಸಿದ ಆಲೂಗಡ್ಡೆ ಸೇರಿಸಿ, ಬಾಣಲೆಯ ತಳ ಬಿಡುವವರೆಗೆ ಹುರಿಯಬೇಕು. ಸಿಪ್ಪೆ ತೆಗೆದು ನೀರಿನಲ್ಲಿ ಬೇಯಿಸಿದ ಗಡ್ಡೆ ನೀರು ಕುಡಿದಿರುತ್ತದೆ.

24 ಕಡ್ಡಿಗಳಿಗೆ ಹೂರಣ 360 ಗ್ರಾಂ, ಅಂದರೆ ಒಂದಕ್ಕೆ 15 ಗ್ರಾಂ. ಇದಕ್ಕೆ ಬೇಯಿಸಿದ ಆಲೂಗಡ್ಡೆ 300 ಗ್ರಾಂ, ಈರುಳ್ಳಿ 100 ಗ್ರಾಂ, ಹಸಿಮೆಣಸಿನಕಾಯಿ 4ರಿಂದ 6, ಶುಂಠಿ, ಕರಿಬೇವು, ಕೊತ್ತಂಬರಿ ಸೊಪ್ಪು. ಒಗ್ಗರಣೆಗೆ ಸಾಸಿವೆ, ಜೀರಿಗೆ, ಅರಿಶಿನ, ಇಂಗು. ಕಡಲೆಬೇಳೆ, ಉದ್ದಿನಬೇಳೆಗಳನ್ನು ಬನ್ನಿನ ಪಲ್ಯಕ್ಕೆ ಹಾಕುವವರೂ ಕಡ್ಡಿಗೆ ಬಿಡುತ್ತಾರೆ, ಏಕೆಂದರೆ ಹೊಸೆಯುವಾಗ ಬೇಳೆ ಕಣಕವನ್ನು ತೂತು ಮಾಡುತ್ತದೆ. ಹೂರಣ ಹಸಿಯೆನಿಸಿದರೆ ಹುರಿಗಡಲೆ ಪುಡಿಯನ್ನು 2 ಚಮಚದಷ್ಟು ಕಲಸುವುದು ಅತ್ಯುತ್ತಮ ಉಪಾಯ. ಬ್ರೆಡ್ಡಿನ ಪುಡಿ, ಹುರಿದ ಕಡಲೆಕಾಯಿಯ ಪುಡಿಗಳೂ ನಡೆಯುತ್ತವೆ. ಬಿಸಿ ಹೂರಣ ತುಂಬುವಂತಿಲ್ಲ. ಅದರ ಶಾಖಕ್ಕೆ ಪಕ್ಕದ ಯೀಸ್ಟ್ ಸತ್ತು ಆ ಭಾಗ ಗಟ್ಟಿಯಾಗುತ್ತದೆ.

ಜಿಲ್ಲೆಯ ಅತಿ ಹೆಸರುವಾಸಿ ಬೆಳೆಯಾದ ಟೊಮೆಟೊಗೆ ನೀರಿನ ಕಾರಣದಿಂದ ಹೂರಣದಲ್ಲಿ ಜಾಗವಿಲ್ಲ. ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲಿಯೂ ದೊಡ್ಡ ಟೊಮೆಟೊ ಮಾರುಕಟ್ಟೆ ಇದೆ. ಇಷ್ಟಿದ್ದರೂ ಹಣ್ಣು ಸೇರುವುದು ಜೊತೆಗಿಡುವ ಗೊಜ್ಜಿಗೆ. ಹಣ್ಣನ್ನು ಬೆಳ್ಳುಳ್ಳಿ, ಒಣಮೆಣಸಿನಕಾಯಿಯೊಂದಿಗೆ ಎಣ್ಣೆ ಬಿಡುವವರೆಗೆ ಕುದಿಸಿ ಇಂಗಿಸಿದರೆ ಮಾತ್ರ ಒಂದೆರಡು ಚಮಚ ಹೂರಣಕ್ಕೂ ಬೆರೆಸಬಹುದು. ಹುಳಿಗೆ ಶ್ರೀನಿವಾಸಪುರ ಸೀಮೆಯ ಮಾವು ಇದಕ್ಕಿಂತ ಅನುಕೂಲ: ಬಲಿತ ತೋತಾಪುರಿ ಕಾಯಿಯನ್ನು ತುರಿದು ಉಪ್ಪು ಹಾಕಿ ಹಿಂಡಿ ಸೇರಿಸಿದರೆ ನೀರಿನ ಹಂಗಿಲ್ಲದೆ ಹುಳಿ ಸಿಗುತ್ತದೆ.

ಚಳಿಗಾಲದ ಅವರೆಕಾಯಿ ಈ ಸೀಮೆಗೆ ವಿಶಿಷ್ಟವಾದ ಹೂರಣ ಕೊಡುತ್ತದೆ. ನೆನೆಸಿ ಸಿಪ್ಪೆ ಹಿತುಕಿದ ಬೇಳೆಯನ್ನು ಮುಕ್ಕಾಲು ಬೇಯಿಸಿ, ನೀರು ಬಸಿದು, ತೆಂಗಿನತುರಿ, ಹಸಿಮೆಣಸಿನಕಾಯಿಯೊಂದಿಗೆ ಒಗ್ಗರಣೆ ಕೊಟ್ಟು ತುಸು ಒತ್ತಿ ತುಂಬಬೇಕು. ಪೂರ್ತಿ ಬೆಂದ ಅವರೆ ಒಲೆಯಲ್ಲಿ ಹಿಟ್ಟಾಗುತ್ತದೆ.

ಇತರ ಹೂರಣಗಳಲ್ಲಿ ಪನೀರ್ ಮತ್ತು ದೊಣ್ಣೆಮೆಣಸಿನಕಾಯಿ, ಬೇಯಿಸಿದ ಜೋಳ ಮತ್ತು ಚೀಸ್, ಕ್ಯಾರೆಟ್ ಮತ್ತು ಹುರುಳಿಕಾಯಿ, ಹುರಿದ ಕೀಮಾ, ಬೇಯಿಸಿದ ಮೊಟ್ಟೆಯ ಚೂರು ಸೇರುತ್ತವೆ. ಹಾಲು ಉತ್ಪಾದನೆಗೆ ಹೆಸರಾದ ಜಿಲ್ಲೆಯಲ್ಲಿ ಪನೀರ್ ಸುಲಭವಾಗಿ ಸಿಗುತ್ತದೆ. ಚೀಸ್ ತುಂಬುವಾಗ ಎರಡು ತುದಿಗಳಲ್ಲಿ ಒಂದು ಬೆರಳಗಲ ಖಾಲಿ ಬಿಡದಿದ್ದರೆ ಕರಗಿ ಟ್ರೇಗೆ ಹರಿಯುತ್ತದೆ. ಹಬ್ಬದ ದಿನಗಳಿಗೆ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ಶುಂಠಿ, ಇಂಗು ಹೆಚ್ಚಿಸುವುದುಂಟು.

ಆಕಾರ ಮತ್ತು ಬಗೆಗಳು

ದುಂಡು ಬನ್ನಿನಲ್ಲಿ ಕಣಕವನ್ನು ಅಂಗೈಯಗಲ ತಟ್ಟಿ, ನಡುವೆ ಪಲ್ಯದ ಉಂಡೆ ಇಟ್ಟು, ಹೋಳಿಗೆಯಂತೆ ಅಂಚು ಒಟ್ಟುಗೂಡಿಸಿ ಮುಚ್ಚಿದ ಬದಿಯನ್ನು ಕೆಳಗೆ ಮಾಡುತ್ತಾರೆ. ಸರಳ ಕಡ್ಡಿ 15 ಸೆಂಟಿಮೀಟರ್ ಉದ್ದ, ಬೆಂದ ಮೇಲೆ ಎರಡು ಬೆರಳು ದಪ್ಪ. ಮುಚ್ಚಿದ ಕಡ್ಡಿಯನ್ನು ಎರಡು ತುದಿ ಹಿಡಿದು ತಿರುಚಿದರೆ ತಿರುಚು ಕಡ್ಡಿ. ಇದಕ್ಕೆ ಚೀಸ್, ಬೆಳ್ಳುಳ್ಳಿ, ಚಟ್ನಿಪುಡಿಯಂಥ ತೆಳುವಾಗಿ ಹರಡುವ ಹೂರಣ ಮಾತ್ರ ಹೊಂದುತ್ತದೆ. ಹೆಣೆದ ಬ್ರೆಡ್ಡು ಮತ್ತೊಂದು ಬಗೆ: ಆಯತಾಕಾರದ ಕಣಕದ ನಡುವೆ ಪಲ್ಯ ಹರಡಿ, ಎರಡೂ ಬದಿಗೆ ಓರೆಯಾಗಿ ಪಟ್ಟಿ ಕತ್ತರಿಸಿ, ಒಂದರ ಮೇಲೊಂದು ಜಡೆಯಂತೆ ಹಾಕುವುದು. ಪಟ್ಟಿಗಳ ಸಂದಿನಿಂದ ಹಬೆ ತಾನೇ ಹೊರಹೋಗುವುದರಿಂದ ಹಸಿ ಹೂರಣಕ್ಕೆ ಇದೇ ಸುರಕ್ಷಿತ.

ತುಂಬುವ, ಬೇಯಿಸುವ ಕ್ರಮ

ಮೊದಲ ಉಬ್ಬಿನ ನಂತರ ಕಣಕವನ್ನು ಮೆದುವಾಗಿ ಒತ್ತಿ, 36 ಗ್ರಾಂ ಉಂಡೆಗಳಾಗಿ ಮಾಡಿ 10 ನಿಮಿಷ ಮುಚ್ಚಿಡಬೇಕು. ಈ ವಿಶ್ರಾಂತಿ ಇಲ್ಲದೆ ಲಟ್ಟಿಸಿದರೆ ಕಣಕ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಉಂಡೆಯನ್ನು 14 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ಪಟ್ಟಿಯಾಗಿ ಲಟ್ಟಿಸಿ, ಹೂರಣವನ್ನು ಬತ್ತಿಯಂತೆ ಉದ್ದಕ್ಕೆ ಇಟ್ಟು, ಒಂದು ಅಂಚಿಗೆ ನೀರು ಸವರಿ ಇನ್ನೊಂದನ್ನು ಅದರ ಮೇಲೆ ತಂದು ಚಿವುಟಿ ಮುಚ್ಚಬೇಕು. ಹಲಗೆಯ ಮೇಲೆ ಒಂದೆರಡು ಸುತ್ತು ಹೊಸೆದರೆ ಸಾಕು. ಮುಚ್ಚುವ ಅಂಚಿಗೆ ಎಣ್ಣೆ ಅಥವಾ ಹೂರಣ ತಾಗಿದ್ದರೆ ಎಷ್ಟು ಚಿವುಟಿದರೂ ಬಿಟ್ಟುಕೊಳ್ಳುತ್ತದೆ.

ಅಂಚು ಕೆಳಗಿರುವಂತೆ ಟ್ರೇಯಲ್ಲಿ ಜೋಡಿಸಿ, ಒದ್ದೆ ಬಟ್ಟೆ ಮುಚ್ಚಿ 20ರಿಂದ 30 ನಿಮಿಷ ಎರಡನೆಯ ಉಬ್ಬಿಗೆ ಬಿಡುತ್ತಾರೆ. ಪೂರ್ತಿ ಉಬ್ಬಲು ಬಿಡುವುದಿಲ್ಲ. ಮುಕ್ಕಾಲು ಉಬ್ಬಿದಾಗಲೇ ಒಲೆಗೆ ಹೋಗಬೇಕು. ಮೇಲೆ ಕತ್ತರಿ ಅಥವಾ ಬ್ಲೇಡಿನಿಂದ ಮೂರು ಸಣ್ಣ ಗೀರು ಹಾಕುವುದು ಅಂದಕ್ಕಲ್ಲ, ಹಬೆಯ ದಾರಿಗೆ. ಹಾಲು ಸವರಿದರೆ ಕಂದು ಬಣ್ಣ ಬರುತ್ತದೆ. ಮೊಟ್ಟೆ ಬಳಸುವ ಅಂಗಡಿಗಳಲ್ಲಿ ಮೊಟ್ಟೆ ಸವರುತ್ತಾರೆ, ಹೊಳಪು ಹೆಚ್ಚು. ಎಳ್ಳು, ಓಮ, ಕರಿಜೀರಿಗೆ ಉದುರಿಸುವುದೂ ಇದೇ ಹಂತದಲ್ಲಿ.

200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 14ರಿಂದ 18 ನಿಮಿಷ ಬೇಯಬೇಕು. ಹೊರಬಂದ ಕೂಡಲೇ ಬೆಣ್ಣೆ ಸವರಿ ಜಾಲರಿಯ ಮೇಲೆ ಆರಿಸುತ್ತಾರೆ. ಟ್ರೇಯಲ್ಲೇ ಬಿಟ್ಟರೆ ತಳ ಬೆವರುತ್ತದೆ. ಹಳೆಯ ಬೇಕರಿಗಳ ಇಟ್ಟಿಗೆಯ ಸೌದೆ ಭಟ್ಟಿಯಲ್ಲಿ ಮೊದಲು ಬ್ರೆಡ್ಡು, ಬನ್ನು ಬೇಯಿಸಿ, ಶಾಖ ಇಳಿದ ಮೇಲೆ ರಸ್ಕು, ಬಿಸ್ಕತ್ತು ಇಡುವುದು ಕ್ರಮ. ಕಡ್ಡಿಗೆ ಸಲ್ಲುವುದು ಈ ಎರಡರ ನಡುವಿನ ಶಾಖ. ಡೀಸೆಲ್, ಗ್ಯಾಸ್, ವಿದ್ಯುತ್ ಓವನ್‌ಗಳು ಬಂದ ಮೇಲೆ ಈ ಕಾಯುವಿಕೆ ತಪ್ಪಿದೆ.

ಮನೆಯ 25-30 ಲೀಟರಿನ ಓವನ್ನಿನಲ್ಲಿ ಒಮ್ಮೆಗೆ ಹಿಡಿಸುವುದು ಹತ್ತು ಹನ್ನೆರಡು ಕಡ್ಡಿ. ಎರಡನೆಯ ಟ್ರೇಯ ಉಂಡೆಗಳನ್ನು ಫ್ರಿಜ್ಜಿನಲ್ಲಿಟ್ಟು ತಡವಾಗಿ ತುಂಬದಿದ್ದರೆ ಸರದಿ ಬರುವಷ್ಟರಲ್ಲಿ ಅತಿಯಾಗಿ ಉಬ್ಬಿ ಕುಸಿಯುತ್ತವೆ. ಓವನ್ ಇಲ್ಲದ ಮನೆಗಳಲ್ಲಿ ದಪ್ಪ ತಳದ ಪಾತ್ರೆಗೆ ಮರಳು ಅಥವಾ ಉಪ್ಪು ಹರಡಿ, ಕಾಯಿಸಿ, ಒಳಗೆ ತಟ್ಟೆಯಿಟ್ಟು ಮುಚ್ಚಿ ಬೇಯಿಸುವ ವಿಧಾನವಿದೆ. ಕುಕ್ಕರ್ ಬಳಸುವುದಾದರೆ ರಬ್ಬರು ಬಳೆ, ವೇಟು ಎರಡನ್ನೂ ತೆಗೆದಿರಬೇಕು. ಮೇಲ್ಭಾಗ ಕೆಂಪಾಗದಿರುವುದು ಈ ವಿಧಾನದ ಕೊರತೆ. ಕೊನೆಗೆ ತವಾ ಮೇಲೆ ಮಗುಚಿ ಬಣ್ಣ ಬರಿಸುತ್ತಾರೆ.

ದೋಷಗಳು

ಕಡ್ಡಿಯ ಬದಿ ಸೀಳುವುದಕ್ಕೆ ಹಸಿ ಹೂರಣ, ಗೀರು ಹಾಕದಿರುವುದು ಅಥವಾ ಎರಡನೆಯ ಉಬ್ಬಿಗೆ ಸಮಯ ಸಾಲದಿರುವುದು ಕಾರಣ. ಹೂರಣದ ಮೇಲೆ ಗುಹೆಯಂತೆ ಟೊಳ್ಳು ಬಿದ್ದರೆ ತುಂಬುವಾಗ ಗಾಳಿ ಸೇರಿದೆ, ಇಲ್ಲವೇ ಹೂರಣ ಬಿಸಿಯಿತ್ತು. ತುದಿಗಳಲ್ಲಿ ಬರೀ ಹಿಟ್ಟು ಸಿಗುವುದು ಆಕಾರದಿಂದಲೇ ಬರುವ ದೋಷ. ಬೇಕರಿಗಳಲ್ಲಿ ಬೆಂದ ಮೇಲೆ ತುದಿ ಕತ್ತರಿಸಿ, ಆ ಚೂರುಗಳನ್ನು ಒಣಗಿಸಿ ರಸ್ಕಿನ ಪುಡಿಗೆ ಬಳಸಬಹುದು.

ಬಡಿಸುವ ಸಂದರ್ಭ

ಊರಿನ ಹುಟ್ಟುಹಬ್ಬದ ತಟ್ಟೆಯಲ್ಲಿ ಕೇಕಿನ ತುಂಡು, ಮಿಕ್ಸ್‌ಚರ್ ಅಥವಾ ಚಿಪ್ಸ್, ಒಂದು ಖಾರದ ತಿನಿಸು ಇರುವುದು ವಾಡಿಕೆ. ಆ ಮೂರನೆಯ ಜಾಗ ಸಮೋಸ, ಪಫ್, ಪಲ್ಯದ ಬನ್ನುಗಳದು; ಕಡ್ಡಿ ಅದಕ್ಕೆ ಹೊಸ ಸ್ಪರ್ಧಿ. ಪಫ್ ತಿನ್ನುವಾಗ ಪುಡಿ ಉದುರುತ್ತದೆ, ಸಮೋಸ ಆರಿದರೆ ಎಣ್ಣೆ ಬಿಡುತ್ತದೆ. ಕಡ್ಡಿಗೆ ಎರಡೂ ತೊಂದರೆಯಿಲ್ಲ, ಮಕ್ಕಳ ಕೈಗೂ ಸಲೀಸು. ಕೇಕು, ಮಿಕ್ಸ್‌ಚರ್ ಜೊತೆಗಿದ್ದರೆ ತಲೆಗೆ ಎರಡರಿಂದ ಮೂರು ಸಾಕು. 25 ಮಂದಿಗೆ 60 ಕಡ್ಡಿ, ಅದಕ್ಕೆ ಒಂದೂಕಾಲು ಕಿಲೋ ಮೈದಾ. ಟೊಮೆಟೊ ಗೊಜ್ಜು, ಪುದೀನ ಚಟ್ನಿ, ಬೆಳ್ಳುಳ್ಳಿ ಹಾಕಿದ ಗಟ್ಟಿ ಮೊಸರು ನಂಚಿಕೊಳ್ಳಲು ಹೊಂದುತ್ತವೆ. ಕೀಮಾ ಹೂರಣದ ಕಡ್ಡಿ ರಂಜಾನಿನ ಇಫ್ತಾರ್ ತಟ್ಟೆಗೂ ಕ್ರಿಸ್‌ಮಸ್ ಕೂಟಕ್ಕೂ ಸಲ್ಲುತ್ತದೆ.

ಕೆಡದಂತೆ ಇಡುವುದು

ಬೆಂದ ಆಲೂಗಡ್ಡೆ, ಪನೀರ್, ಮಾಂಸಗಳು ಕೋಣೆಯ ಶಾಖದಲ್ಲಿ ಬೇಗ ಕೆಡುವ ವಸ್ತುಗಳು. ಬೇಸಿಗೆಯಲ್ಲಿ ಎರಡು ಗಂಟೆಯೊಳಗೆ ತಿಂದು ಮುಗಿಸಬೇಕು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಒಲೆಯಲ್ಲೋ ತವಾ ಮೇಲೋ ಚೆನ್ನಾಗಿ ಬಿಸಿ ಮಾಡಬೇಕು. ಮುಂಚಿತವಾಗಿ ಮಾಡಿಡಬೇಕಾದರೆ ಬಣ್ಣ ಬರುವ ಮೊದಲೇ, 9-10 ನಿಮಿಷಕ್ಕೆ ಹೊರತೆಗೆದು ಆರಿಸಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಮತ್ತೆ ಬೇಯಿಸುವ ವಿಧಾನ ಒಳ್ಳೆಯದು. ಹೀಗೆ ಇಡಲು ಚೀಸ್, ಜೋಳ, ಕೀಮಾಗಳ ಹೂರಣ ಸೂಕ್ತ. ಆಲೂಗಡ್ಡೆ ಹಿಮಗಟ್ಟಿ ಕರಗಿದಾಗ ನೀರು ಬಿಟ್ಟು ಮರಳು ಮರಳಾಗುತ್ತದೆ.

ಕಾನೂನು

ಅಂಗಡಿಯಲ್ಲಾಗಲಿ ಮನೆಯಿಂದಾಗಲಿ ಮಾರುವವರಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿ ಅಗತ್ಯ. ಹಿಟ್ಟಿಗೆ ಬೆರೆಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲಿ ದೇಶದಾದ್ಯಂತ ನಿಷೇಧಿಸಲಾಯಿತು. ವನಸ್ಪತಿ, ಮಾರ್ಜರಿನ್, ಎಣ್ಣೆಗಳಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿ 2021ರಲ್ಲಿ ಶೇ. 3, 2022ರ ಜನವರಿಯಿಂದ ಶೇ. 2. ಗೋಬಿ ಮಂಚೂರಿಯನ್ನಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿತು. ಅದನ್ನು ಹೂರಣವಾಗಿ ಬಳಸುವವರೂ ಇದನ್ನು ಗಮನಿಸಬೇಕು. ಮುದ್ರಿತ ಸುದ್ದಿಪತ್ರಿಕೆಯಲ್ಲಿ ತಿನಿಸು ಕಟ್ಟಿಕೊಡುವುದಕ್ಕೂ ಆಹಾರ ಸುರಕ್ಷತಾ ಪ್ರಾಧಿಕಾರದ ವಿರೋಧವಿದೆ, ಅಂಗಡಿಗಳ ರೂಢಿ ಏನೇ ಇರಲಿ.

ಈಗಿನ ಸ್ಥಿತಿ

ನಾಲ್ಕೂ ಪಟ್ಟಣಗಳ ಬೇಕರಿಗಳಲ್ಲಿ ಪಲ್ಯದ ಬನ್ನು ಸಂಜೆಯ ನಿತ್ಯದ ತಿನಿಸು. ತುಂಬಿದ ಕಡ್ಡಿ ಇನ್ನೂ ಮುಖ್ಯವಾಗಿ ಪಿಜ್ಜಾ ಮಳಿಗೆ ಮತ್ತು ಮನೆ ಅಡುಗೆಯ ವಸ್ತು. ಕಾರಣ ಕೂಲಿಯ ಲೆಕ್ಕ. ಉಂಡೆ ಮುಚ್ಚುವಷ್ಟು ಬೇಗ ಉದ್ದದ ಅಂಚು ಮುಚ್ಚಲಾಗುವುದಿಲ್ಲ, ಮತ್ತು 90 ಗ್ರಾಮಿನ ಒಂದು ಬನ್ನಿನಷ್ಟು ಹೊಟ್ಟೆ ತುಂಬಲು ಎರಡು ಕಡ್ಡಿ ಬೇಕು. ಬಿಡಿ ಮಾರಾಟಕ್ಕೆ ಬನ್ನು, ಮುಂಗಡ ಹೇಳಿದ ಕೂಟಗಳಿಗೆ ಕಡ್ಡಿ ಎಂಬ ವಿಂಗಡಣೆ ಇದರಿಂದ ಸಹಜ.

ಬೇಕರಿ ಕಸುಬಿನ ತರಬೇತಿಗೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಘಟಕ ಈ ಸೀಮೆಯವರಿಗೆ ಹತ್ತಿರದ ಕೇಂದ್ರ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಹಿಟ್ಟು ಮತ್ತು ಬೇಕರಿ ತಂತ್ರಜ್ಞಾನದ ವಿಭಾಗವಿದೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪ್ರಧಾನಮಂತ್ರಿ ಯೋಜನೆ ಸಾಲದೊಂದಿಗೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಕೊಡುತ್ತದೆ. ಅದರಡಿ ಕೋಲಾರ ಜಿಲ್ಲೆಗೆ ಗೊತ್ತುಪಡಿಸಿದ ಉತ್ಪನ್ನ ಟೊಮೆಟೊ.

ರಾಗಿ ಬೆರೆಸಿದ ಕಣಕ ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವಾದ 2023ರಿಂದೀಚೆಗೆ ಹೆಚ್ಚು ಪ್ರಚಾರದಲ್ಲಿದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಮೈದಾದ ನೂರಕ್ಕೆ 15ರಿಂದ 20 ಭಾಗದವರೆಗೆ ಜರಡಿ ಹಿಡಿದ ನಯ ರಾಗಿಹಿಟ್ಟು ಸೇರಿಸಿ, ನೀರನ್ನು ತುಸು ಹೆಚ್ಚಿಸಿ ನಾದಿದರೆ ಕಡ್ಡಿ ತುಂಬಲು ಬರುತ್ತದೆ; ಬಣ್ಣ ಕಂದು, ರುಚಿಯಲ್ಲಿ ಹುರಿದ ಹಿಟ್ಟಿನ ಘಮ. 30 ಭಾಗ ದಾಟಿದರೆ ಮುಚ್ಚಿದ ಅಂಚು ಒಲೆಯಲ್ಲಿ ಬಿರಿಯುವುದರಿಂದ ಅಂಥ ಕಣಕವನ್ನು ಹೂರಣವಿಲ್ಲದ ಗರಿಕಡ್ಡಿಗೆ ಬಳಸುತ್ತಾರೆ.